ಮುಂಬಯಿಗೆ ಮೂರೂವರೆ ಗಂಟೆ

ಭೂಪಟದ ಮೇಲೆ ನೂಲು ಹಿಡಿದು ದೂರ ಅಳೆಯುವವರನ್ನು ನಂಬಬಾರದು. ಬೆಂಗಳೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ನಾನೇ ಅಂಥವನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಮುಂಬಯಿಯಲ್ಲಿ ಅಣ್ಣನ ಮಗನ ಮದುವೆ. ತಾಳಿಯನ್ನು ನಮ್ಮ ಮನೆಯ ಹಳೆಯ ಅಕ್ಕಸಾಲಿಗನೇ ಮಾಡಬೇಕೆಂದು, ಅಷ್ಟು ದೂರ ಬರಲಾಗದ ಅಮ್ಮನ ಹಟ. ಆತ ಅದನ್ನು ತಂದುಕೊಟ್ಟದ್ದು ಮದುವೆಯ ಹಿಂದಿನ ದಿನ! ರೈಲಿನಲ್ಲಿ ಹೊರಟರೆ ತಾಳಿ ತಲುಪುವ ಹೊತ್ತಿಗೆ ಬೀಗರೂಟವೂ ಮುಗಿದಿರುತ್ತಿತ್ತು. ನಾನು ನೂಲು ತೆಗೆದು ಅಳೆದು, "ಐನೂರು ಚಿಲ್ಲರೆ ಮೈಲಿ. ಬೆಳಿಗ್ಗೆ ಎಂಟಕ್ಕೆ ವಿಮಾನ ಹತ್ತಿದರೆ ಮೂರೂವರೆ ಗಂಟೆ. ಮುಹೂರ್ತ ಮಧ್ಯಾಹ್ನ ತಾನೆ?" ಎಂದು ಎದೆಯುಬ್ಬಿಸಿದೆ.

"ಸೋಮವಾರ ಎಂಟು ಗಂಟೆ ಅಂದ್ರೆ ರಾಹುಕಾಲ ಕಣೋ! ಸ್ವಲ್ಪ ತಡೆದು ಹೊರಡಕ್ಕೆ ಹೇಳು" ಎಂದಳು ಅಮ್ಮ.

"ಅದು ಜಟಕಾ ಅಲ್ಲಮ್ಮ."

"ಹಾಗಾದ್ರೆ ಪ್ರಸ್ಥಾನ ಇಡ್ತೀನಿ. ಹೋಗೋವಾಗ ಗಂಟು ಎತ್ಕೊಂಡು ಹೋಗು, ಮರೀಬೇಡ."

ಹೊರಡುವ ಹೊತ್ತು ಕೆಟ್ಟದಾಗಿದ್ದರೆ, ಮೊದಲೇ ಒಳ್ಳೆಯ ಗಳಿಗೆ ನೋಡಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಪ್ರಯಾಣ ಶುರುವಾಯಿತೆಂದುಕೊಳ್ಳುವುದು ನಮ್ಮವರ ಪದ್ಧತಿ. ಸಂಜೆ ಅಮ್ಮ ಎದುರುಮನೆ ಶಾಮಣ್ಣನವರಲ್ಲಿ ಗಂಟಿಟ್ಟು ಬಂದಳು. ತಾಳಿಗಿಂತ ಶುಭವಾದದ್ದು ಇನ್ನೇನಿದೆಯೆಂದು ಅದನ್ನೇ ಗಂಟಿನೊಳಗೆ ಕಟ್ಟಿದ್ದಳು. ಬೆಳಿಗ್ಗೆ ನಾನು ವಿಜ್ಞಾನದ ಗತ್ತಿನಲ್ಲಿ ಟ್ಯಾಕ್ಸಿ ಹತ್ತಿ ಹೊರಟೇಬಿಟ್ಟೆ. ದಂಡು ಪ್ರದೇಶ ದಾಟಿದ ಮೇಲೆ ಜೇಬು ಮುಟ್ಟಿಕೊಂಡೆ.

ಟ್ಯಾಕ್ಸಿ ತಿರುಗಿಸಿಕೊಂಡು ನಮ್ಮ ವೈಯಾಲಿಕಾವಲ್‌ಗೆ ಬಂದರೆ, ಶಾಮಣ್ಣನವರು ಗಂಟು ಹಿಡಿದು ನಡುರಸ್ತೆಯಲ್ಲೇ ನಿಂತಿದ್ದರು. "ಏನ್ ಮೇಷ್ಟ್ರೇ, ತಾಳಿ ಬಿಟ್ಟು ಊಟಕ್ಕೆ ಮಾತ್ರ ಹೊರಟ್ರಾ?"

ಮುಂಬಯಿಯ ದೂರ ಅಳೆದಿದ್ದವನು ವಿಮಾನ ನಿಲ್ದಾಣದ ದೂರ ಅಳೆದಿರಲಿಲ್ಲ. ಅಲ್ಲಿ ತಲುಪಿದಾಗ ವಿಮಾನದ ರೆಕ್ಕೆಯ ಗಾಳಿಚಕ್ರಗಳು ಆಗಲೇ ಗಿರ್ರೆನ್ನುತ್ತಿದ್ದವು. ಗಂಟನ್ನು ತಲೆಯ ಮೇಲೆತ್ತಿ, "ತಾಳಿ! ತಾಳಿ!" ಎಂದು ಕೂಗುತ್ತ ಓಡಿದೆ. ಏಣಿ ತಳ್ಳುತ್ತಿದ್ದವನಿಗೆ ಮಕ್ಕಳ ಮದುವೆ ಮಾಡಿದ ಅನುಭವವಿತ್ತೇನೋ, ಮತ್ತೆ ಏಣಿ ಹಚ್ಚಿದ.

ಗೆದ್ದೆನೆಂದು ಕೂತು ಅರ್ಧ ದಾರಿ ಕಳೆದಿರಲಿಲ್ಲ, ಮೋಡದ ನಡುವೆ ವಿಮಾನ ಹಗ್ಗ ಹರಿದ ಬಿಂದಿಗೆಯಂತೆ ಕೆಳಗಿಳಿಯಿತು. ಗುರುತ್ವಾಕರ್ಷಣೆಯನ್ನು ಹತ್ತು ವರ್ಷ ಪಾಠ ಹೇಳಿದ್ದೆ, ಪರಿಚಯವಾದದ್ದು ಅಂದೇ. ಈಗಲೂ ಮನೆಯ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತೇನೆ. ಗಂಟನ್ನು ಹೊಟ್ಟೆಗೆ ಅವುಚಿಕೊಂಡು ಕಣ್ಣು ಮುಚ್ಚಿದವನು ತೆರೆದದ್ದು ಮುಂಬಯಿಯ ನೆಲ ತಗಲಿದ ಮೇಲೆಯೇ.

ಮಂಟಪದಲ್ಲಿ ಪುರೋಹಿತರು ಮಂತ್ರವನ್ನು ಎಳೆದೆಳೆದು ಹೇಳುತ್ತಿದ್ದರು. ನಾನು ಗಂಟು ಬಿಚ್ಚಿದೆ. ಗಟ್ಟಿಮೇಳ ಮೊಳಗಿತು! ಆ ದಿನ ಮದುಮಗನಿಗೂ ನನ್ನಷ್ಟು ಉಪಚಾರ ನಡೆಯಲಿಲ್ಲ. "ಎಷ್ಟು ಹೊತ್ತಾಯ್ತು?" ಎಂದು ಕೇಳಿದವರಿಗೆಲ್ಲ, "ಮೂರೂವರೆ ಗಂಟೆ, ಅಷ್ಟೇ" ಎಂದು ಮೀಸೆ ತೀಡಿದೆ.

ಮರಳುವ ಹಿಂದಿನ ದಿನ ಮಾತ್ರ ಒಂದು ಗಂಟು ಕಟ್ಟಿಕೊಂಡು ಸದ್ದಿಲ್ಲದೆ ಅಣ್ಣನ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಪಾರ್ಸಿ ಮುದುಕರಿಗೆ ಪ್ರಸ್ಥಾನವೆಂದರೇನೆಂದು ವಿವರಿಸಿ ಮುಗಿಸುವಷ್ಟರಲ್ಲಿ ವಿಮಾನ ಬೆಂಗಳೂರು ಮುಟ್ಟಿರುತ್ತಿತ್ತು.