ಹೆಂಡತಿ ಹತ್ತಬೇಕಿದ್ದ ದೋಣಿ

ದೋಣಿ ಇಟ್ಟುಕೊಂಡವನು ಅವಮಾನ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನೇ ಗೇಟು ತೆಗೆದು ಒಳಗೆ ಬರುತ್ತದೆ. ಹೆಚ್ಚಾಗಿ ಭಾನುವಾರ, ಓಣಿಯವರೆಲ್ಲ ಕಟ್ಟೆಯ ಮೇಲೆ ಕೂತಿರುವಾಗ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗೋವಾದಿಂದ ಹಳೆಯದೊಂದು ಸಣ್ಣ ಮೋಟಾರು ದೋಣಿ ತಂದು ಅಂಬೇವಾಡಿಯ ಮನೆಯ ಅಂಗಳದಲ್ಲಿ ನಿಲ್ಲಿಸಿದ್ದೆ. ದೀಪಾವಳಿ ರಜೆಯಲ್ಲಿ ಕಾರವಾರದಿಂದ ಹೊರಟು, ದಂಡೆ ಹಿಡಿದು, ಸಿಕ್ಕ ಬಂದರಿನಲ್ಲಿ ತಂಗುತ್ತ ಹೊನ್ನಾವರದವರೆಗೆ ಹೋಗುವುದು ನನ್ನ ಯೋಜನೆ. ಹೆಂಡತಿಯೊಂದಿಗೆ. ಮದುವೆಯಾದ ಮೇಲೆ ನಾವಿಬ್ಬರೇ ಧಾರವಾಡದ ಅವಳ ತವರಿಗಿಂತ ದೂರ ಹೋದದ್ದಿಲ್ಲ. ಅವಳಿಗೆ ನೀರೆಂದರೆ ಹೆದರಿಕೆ. ಆದರೂ ಒಂದು ಷರತ್ತಿನ ಮೇಲೆ ಒಪ್ಪಿದ್ದಳು.

“ಮೊದಲ ಹೊಳಿಯೊಳಗ ನನ್ನ ಕೂಡಿಸ್ಕೊಂಡು ಒಂದ್ಸಲ ಓಡಿಸಿ ತೋರಸ್ರಿ. ಚಲೋ ಓಡಿತಂದ್ರ ಬರ್ತೇನಿ. ಇಲ್ಲಾಂದ್ರ ನಾ ತವರಿಗೆ, ನೀವು ಎಲ್ಲಿಗಾರ ಹೋಗ್ರಿ.”

ಡ್ರಮ್ಮು

ದೋಣಿಯ ಎಂಜಿನ್ನನ್ನು ನೀರಿಲ್ಲದೆ ಓಡಿಸಬಾರದು. ಅದರ ಪಂಖವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಪರೀಕ್ಷಿಸಬೇಕು. ಇದನ್ನು ಓದಿ ತಿಳಿದುಕೊಂಡಿದ್ದೆ. ಗೇರು ಬಿಡಿಸಿರಬೇಕು ಎಂಬುದು ಮುಂದಿನ ಸಾಲಿನಲ್ಲಿತ್ತಂತೆ. ನಾನು ಅಲ್ಲಿಯವರೆಗೆ ಹೋಗಿರಲಿಲ್ಲ.

ಹಗ್ಗ ಎಳೆದೆ. ಎಂಜಿನ್ ಒಮ್ಮೆಲೇ ಗರ್ಜಿಸಿತು. ಡ್ರಮ್ಮಿನ ನೀರೆಲ್ಲ ಎದ್ದು, ಕಂಪೌಂಡು ದಾಟಿ, ಪಕ್ಕದ ಮನೆಯವರು ಮಳೆ ಬಿಟ್ಟ ಮೊದಲ ಬಿಸಿಲಿಗೆ ಹಾಕಿದ್ದ ಸಂಡಿಗೆಯ ಮೇಲೆ ಇಳಿಯಿತು. ಪಕ್ಕದ ಮನೆಯಾಕೆ ತೊಯ್ದ ಮೊರ ಹಿಡಿದು ಗೇಟಿನಲ್ಲಿ ನಿಂತರು.

“ಸರ್, ನಿಮ್ಮ ದೋಣಿ ನೀರಿಗೆ ಹೋಗೂದೋ, ನೀರು ನಮ್ಮ ಮನಿಗೆ ಬರೂದೋ? ಒಂದು ಹೇಳಿಬಿಡ್ರಿ. ಸಂಡಿಗಿ ಎಲ್ಲಿ ಹಾಕಬೇಕು ನಾ ನೋಡ್ಕೋತೇನಿ.”

ಹೆಂಡತಿ ಟವೆಲ್ ತಂದಳು. ನನಗಲ್ಲ, ಅವರಿಗೆ.

ಬ್ರೇಕು

ಎಂಜಿನ್ ಒಮ್ಮೆ ನೋಡಿಸೋಣವೆಂದು ನಮ್ಮ ಸ್ಕೂಟರಿನ ಮೆಕ್ಯಾನಿಕ್ ಸಾಹೇಬರನ್ನು ಕರೆದೆ. ಅವರು ದೋಣಿಯನ್ನು ಎರಡು ಸುತ್ತು ಹಾಕಿ, ಬಗ್ಗಿ ನೋಡಿ, ತಲೆ ಕೆರೆದುಕೊಂಡರು.

“ಎಲ್ಲಾ ಬರೋಬ್ಬರಿ ಐತಿ ಸರ್. ಬ್ರೇಕ್ ಯಾರೋ ಬಿಚ್ಚಿಕೊಂಡು ಹೋಗ್ಯಾರ.”

ನಕ್ಕೆ. ದೋಣಿಗೆ ಬ್ರೇಕ್ ಇರುವುದಿಲ್ಲ ಎಂದು ವಿವರಿಸಿದೆ. ದೊಡ್ಡ ದನಿಯಲ್ಲಿ ವಿವರಿಸಬಾರದಿತ್ತು. ಅಡುಗೆಮನೆಯ ಕಿಟಕಿ ತೆರೆಯಿತು.

“ಏನಂದ್ರಿ? ಬ್ರೇಕ್ ಇಲ್ಲೇನು?”

“ಬೇಕಾಗಿಲ್ಲ. ಲಂಗರು ಇದೆ. ಹಗ್ಗ ಕಟ್ಟಿದ ಕಬ್ಬಿಣದ ಕೊಕ್ಕೆ. ನೀರಿಗೆ ಎಸೆದರೆ ದೋಣಿ ನಿಲ್ಲುತ್ತದೆ.”

ಅವಳು ಕಿಟಕಿಯಿಂದ ಹೊರಗೆ ಬಗ್ಗಿದಳು. “ಅಂದ್ರ ಎದುರಿಗೆ ಕಲ್ಲುಬಂಡಿ ಬಂತಂದ್ರ ನೀವು ಮೊದಲ ಹಗ್ಗ ಹುಡುಕವರು.”

ಸಾಹೇಬರು ನನ್ನ ಪರ ಮಾತಾಡಲು ಹೋದರು. “ಭಾಬಿ, ಹೆದರಬ್ಯಾಡ್ರಿ. ಸರ್ ಸ್ಕೂಟರಿಗೂ ಬ್ರೇಕ್ ಹಿಡಿಯೂದಿಲ್ಲ. ಕಾಲು ಊರತಾರ.”

ಜಾಕೀಟು

ನೀರಿನಲ್ಲಿ ತೇಲಿಸುವ ಕೇಸರಿ ಜಾಕೀಟು ಬಂತು. ಹಾಕಿಕೊಂಡು ನೋಡಿದೆ. ಎದೆಯ ಕೊಂಡಿ ಸಿಕ್ಕಿಕೊಂಡು ಬಿಚ್ಚಲಿಲ್ಲ. ಅಷ್ಟರಲ್ಲಿ ಹಳಿಯಾಳ ಕಡೆಯ ರೈತರೊಬ್ಬರು ಮಗಳ ಹಾಜರಿ ವಿಷಯ ಮಾತಾಡಲು ಬಂದರು. ನಾನು ಕುರ್ಚಿಯಲ್ಲಿ, ಗಲ್ಲದವರೆಗೆ ಉಬ್ಬಿದ ಜಾಕೀಟಿನಲ್ಲಿ ಕೂತು, ಶಿಸ್ತಿನ ಮಹತ್ವ ಹೇಳಿದೆ. ಅವರು ಜಾಕೀಟಿನ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಹೋಗುವಾಗ ಬಾಗಿಲಲ್ಲಿ ಹೆಂಡತಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು. “ಅವ್ವಾರ, ಸರ್‌ಗೆ ಬೆನ್ನಿನ ಎಲುಬು ಯಾವಾಗ ಮುರೀತ್ರಿ? ನಮ್ಮೂರಾಗ ಎಣ್ಣಿ ತಿಕ್ಕವರು ಅದಾರ. ಎತ್ತಿಗೂ ಗುಣ ಆಗೇತಿ.”

ಅವಳು ಅಲ್ಲ ಎನ್ನಲಿಲ್ಲ. “ಕಳಸ್ರಿ” ಎಂದಳು.

ಖಂಡೇ ಪೂಜೆ

ಹೊಳೆಗಿಳಿಸುವ ದಿನವನ್ನು ನಾನು ಬೇಕೆಂದೇ ಮಹಾನವಮಿಯ ಖಂಡೇ ಪೂಜೆಯಂದು ಇಟ್ಟುಕೊಂಡೆ. ಆ ದಿನ ನಮ್ಮಲ್ಲಿ ಹತಾರಗಳನ್ನು ದೇವರ ಮುಂದಿಟ್ಟು ಪೂಜಿಸಿದರೆ ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಹೆಂಡತಿ ಬೆಳಿಗ್ಗೆಯೇ ಈಳಿಗೆ, ಪಾನಾ, ಪಕ್ಕಡ, ದೋಣಿ ತೊಳೆಯುವಾಗ ನಾನು ಬಿಚ್ಚಿಟ್ಟಿದ್ದ ಚಿಲ್ಲರೆ ಸಾಮಾನು ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿ ಕುಂಕುಮ ಹಚ್ಚಿದ್ದಳು.

“ಇವತ್ತ ಬ್ಯಾಡ್ರಿ. ನಾಳೆ ಬನ್ನಿ ಕೊಟ್ಟ ಮ್ಯಾಲ ಹೋಗೂಣು.”

ನಾನು ಮೂಢನಂಬಿಕೆಯ ಬಗ್ಗೆ ಸಣ್ಣ ಉಪನ್ಯಾಸ ಕೊಟ್ಟೆ. “ನಿನ್ನ ಹತಾರ ನಿನ್ನ ದೇವರ ಹತ್ತಿರವೇ ಇರಲಿ. ನನ್ನ ದೋಣಿಗೆ ಅದ್ಯಾವುದೂ ಬೇಡ” ಎಂದೆ. ಇವೇ ಶಬ್ದಗಳು. ಓಣಿಯವರು ಕೇಳಿದ್ದಾರೆ.

ಸಾಹೇಬರ ಪಿಕಪ್ಪಿನಲ್ಲಿ ದೋಣಿ ಹೊಳೆದಂಡೆಯ ಮೌಳಂಗಿಗೆ ಹೋಯಿತು. ಹಬ್ಬದ ರಜೆ. ಬಂಗೂರನಗರದಿಂದ ನನ್ನ ಸಹೋದ್ಯೋಗಿಗಳು ಮಕ್ಕಳುಮರಿ ಸಮೇತ ಬಂದಿದ್ದರು. ಹೆಂಡತಿ ಕಣ್ಣು ಮುಚ್ಚಿಕೊಂಡೇ ದೋಣಿ ಹತ್ತಿದಳು. ಎಂಜಿನ್ ಮೊದಲ ಎಳೆತಕ್ಕೇ ಶುರುವಾಯಿತು. ಚಪ್ಪಾಳೆ ಬಿತ್ತು. ಕೈ ಬೀಸಿದೆ.

“ರೀ, ಕಾಲು ತೊಯ್ಯಾಕತ್ತಾವು.”

“ಅಲೆ ಸಿಡಿದಿರುತ್ತದೆ.”

“ಅಲಿ ಕೆಳಗಿಂದ ಸಿಡೀತಾವೇನ್ರಿ?”

ಬಗ್ಗಿ ನೋಡಿದೆ. ಇಂಥ ದೋಣಿಯ ಹಿಂಬದಿಯ ತಳದಲ್ಲಿ, ತೊಳೆದ ನೀರು ಹರಿದುಹೋಗಲಿ ಎಂದು ಒಂದು ತೂತು ಇರುತ್ತದೆ. ನೀರಿಗಿಳಿಸುವ ಮೊದಲು ಹಿತ್ತಾಳೆಯ ಬೂಚು ತಿರುಗಿಸಿ ಮುಚ್ಚಬೇಕು. ತೂತು ಇತ್ತು.

“ಇಲ್ಲಿಯ ಬೂಚು ಎಲ್ಲಿ?”

“ದೇವರ ಮುಂದ. ಹೂ ಏರಿಸೇನಿ.”

ದಂಡೆಯ ಕಡೆ ತಿರುಗಿಸುವಷ್ಟರಲ್ಲಿ ದೋಣಿ ಸಮಾಧಾನದಿಂದ, ಯಾವ ಗದ್ದಲವೂ ಇಲ್ಲದೆ ಕೂತುಬಿಟ್ಟಿತು. ನಡುಮಟ ನೀರು. ತೇಲುವಿಕೆಯ ನಿಯಮ ಕಲಿಸುವವನು ಮುಳುಗುವುದನ್ನು ಇಡೀ ಕಾಲೇಜು ನೋಡಿತು. ಪ್ರಾಚಾರ್ಯರು ಮುಖ ತಿರುಗಿಸಿಕೊಂಡರು. ಅವರ ಹೆಗಲು ಅಲುಗುತ್ತಿತ್ತು.

ಹೆಂಡತಿ ಸೀರೆ ಹಿಂಡುತ್ತ ದಂಡೆಗೆ ಬಂದಳು. ತವರಿನ ಮಾತು ಈಗ ಬರುತ್ತದೆ ಎಂದು ತಲೆ ತಗ್ಗಿಸಿ ಕಾದೆ.

“ಮುಳುಗೂದು ಅಂದ್ರ ಇಷ್ಟ ಏನು?” ಎಂದಳು. “ಸುಮ್ಮನ ಹೆದರಿದ್ದೆ. ಹೊನ್ನಾವರಕ್ಕ ನಾ ಬರ್ತೇನಿ.”

ನಾನು ತಲೆ ಎತ್ತಿದೆ. ಅವಳು ಸಾಹೇಬರ ಕಡೆ ತಿರುಗಿದಳು.

“ಭಾಯಿ, ಮನಿಯವರನ್ನ ಕರಕೊಂಡು ನೀವೂ ಬರ್ರಿ, ದೋಣಿ ನೀವ ನಡಸ್ರಿ. ಇವರು ಬಸ್ಸಿನಾಗ ಬಂದು ಅಲ್ಲೇ ನಿಂತಿರ್ತಾರ.”