ಮುನಿಲಕ್ಷ್ಮಮ್ಮನವರ ಅಭಿಪ್ರಾಯ

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ನಾಲಿಗೆ ತೊಡರುತ್ತದೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಈ ಕಷ್ಟ ಇರಲಿಲ್ಲ. ‘ಟೀಚರ್’ ಎಂದರೆ ಸಾಕು, ಕೇಳಿದವರು ‘ಅಯ್ಯೋ ಪಾಪ’ ಎಂಬ ಮುಖ ಮಾಡಿ ಸುಮ್ಮನಾಗುತ್ತಿದ್ದರು. ಈಗ ‘ಎಸ್‌ಇಒ’ ಎನ್ನಬೇಕು, ಆಮೇಲೆ ಹಾಗೆಂದರೇನು ಎಂದು ಹೇಳಬೇಕು. ಜನ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಏನಾದರೊಂದು ಹುಡುಕುತ್ತಾರಲ್ಲ, ಆಗ ಅಷ್ಟೊಂದು ಅಂಗಡಿಗಳ ನಡುವೆ ನಮ್ಮ ಗಿರಾಕಿಯ ಅಂಗಡಿಯೇ ಮೊದಲು ಕಣ್ಣಿಗೆ ಬೀಳುವಂತೆ ಮಾಡುವುದು ನಮ್ಮ ಕಸುಬು. ಇಷ್ಟನ್ನು ನಮ್ಮ ಚಿಕ್ಕಮ್ಮನಿಗೆ ಬಿಡಿಸಿ ಹೇಳಿದಾಗ ಅವರು ಗಮನವಿಟ್ಟು ಕೇಳಿ, “ಹಂಗಾದ್ರೆ ಕಳೆದೋದ ನನ್ನ ಓಲೆ ಒಂಚೂರು ಹುಡುಕ್ಕೊಡಮ್ಮಾ” ಎಂದರು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಮಗಳ ವಯಸ್ಸಿನವರ ಪಕ್ಕ ಕೂತು ಕಲಿತ ವಿದ್ಯೆಗೆ ನನ್ನ ಬಂಧುಬಳಗದಲ್ಲಿ ಸಿಕ್ಕ ಬೆಲೆ ಇಷ್ಟು.

ಮೊನ್ನೆ ಆಫೀಸಿನ ಮೀಟಿಂಗಿನಲ್ಲಿ ನಮ್ಮ ತಂಡದ ಯಜಮಾನ ಪ್ರಜ್ವಲ್ ಒಂದು ಪ್ರಶ್ನೆ ಹಾಕಿದ. ಯಜಮಾನ ಅಂದೆ, ಹುಡುಗನಿಗೆ ಇನ್ನೂ ಗಡ್ಡ ಸರಿಯಾಗಿ ಬಂದಿಲ್ಲ. “ನಮ್ಮ ಫೀಲ್ಡಲ್ಲಿ ಯಾರೂ ಬೆಲೆ ಕೊಡದೇ ಇರೋ, ಆದ್ರೆ ಕಲೀಲೇಬೇಕಾಗಿರೋ ಸ್ಕಿಲ್ ಯಾವ್ದು? ಒಬ್ಬೊಬ್ರು ಒಂದೊಂದು ಹೇಳಿ” ಎಂದ. ಒಬ್ಬಳು ಸರಳವಾಗಿ ಬರೆಯುವುದು ಎಂದಳು. ಇನ್ನೊಬ್ಬ ಅಂಕಿಅಂಶ ಓದುವುದು ಎಂದ. ಮತ್ತೊಬ್ಬ, ಬಹಳ ಪೆಟ್ಟು ತಿಂದವನಿರಬೇಕು, ಗಿರಾಕಿಗೆ ಆಗಲ್ಲ ಅನ್ನುವುದು ಎಂದ. ನನ್ನ ಸರದಿ ಬಂದಾಗ ನನ್ನ ಬಾಯಿಂದ ಉದುರಿದ್ದು, “ಪಕ್ಕದ ಮನೆಯೋರ ಜೊತೆ ಜಗಳ ಆಡೋದು.” ಎಲ್ಲರೂ ನಕ್ಕರು. ಮೇಡಂ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು. ನಾನು ತಮಾಷೆ ಮಾಡಿರಲಿಲ್ಲ. ಆದರೆ ಅದನ್ನು ವಿವರಿಸಬೇಕಾದರೆ ಶಿಡ್ಲಘಟ್ಟದಿಂದ ಶುರು ಮಾಡಬೇಕಾಗಿತ್ತು, ಮೀಟಿಂಗಿನಲ್ಲಿ ಅಷ್ಟು ಹೊತ್ತು ಯಾರು ಕೊಡುತ್ತಾರೆ? ನಿಮಗೆ ಬಿಡುವಿದ್ದರೆ ಕೇಳಿ.

ಎಂಬತ್ತರ ದಶಕದ ಕೊನೆ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಬೆಳಗಾದರೆ ಬೇಯಿಸಿದ ರೇಷ್ಮೆಗೂಡಿನ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಆ ವಾಸನೆ ಇಲ್ಲದ ದಿನ ಏನೋ ಆಗಬಾರದ್ದು ಆಗಿದೆ ಅನ್ನಿಸುತ್ತಿತ್ತು. ಆಗ ನಮ್ಮ ಮನೆಯ ಒಂದೇ ಚಿಂತೆ ಅಕ್ಕನ ಮದುವೆ. ಅಕ್ಕ ನೋಡಲು ಲಕ್ಷಣವಾಗಿದ್ದಳು, ಓದಿದ್ದಳು. ಆದರೆ ಮಾತು ಜೋರು, ನಗು ಇನ್ನೂ ಜೋರು. ಅವಳು ಹಿತ್ತಿಲಲ್ಲಿ ನಕ್ಕರೆ ಮೂಲೆ ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತಿದ್ದ ನಾಗರಾಜಣ್ಣ ತಲೆ ಎತ್ತಿ ನೋಡುತ್ತಿದ್ದ. ಎರಡು ಸಂಬಂಧದವರು ಬಂದು ಉಪ್ಪಿಟ್ಟು ಕೇಸರಿಬಾತು ತಿಂದು, ಮೆಚ್ಚಿ ಹೋಗಿ, ಆಮೇಲೆ ತುಟಿಪಿಟಕ್ಕೆನ್ನದೆ ಸುಮ್ಮನಾಗಿಬಿಟ್ಟಿದ್ದರು. ಕಾರಣ ಅಮ್ಮನಿಗೆ ಗೊತ್ತಿತ್ತು. ಹೆಣ್ಣು ನೋಡುವ ಶಾಸ್ತ್ರ ಬರೀ ಮೇಲುಮೇಲಿನದು. ನಿಜವಾದ ಪರೀಕ್ಷೆ ಅದಾದ ಮೇಲೆ, ಗಂಡಿನ ಕಡೆಯವರು ಹೇಳದೆ ಕೇಳದೆ ಇನ್ನೊಂದು ದಿನ ಬಸ್ಸಿಳಿದು, ಬೀದಿಯಲ್ಲಿ ಅವರಿವರ ಹತ್ತಿರ ‘ವಿಚಾರಿಸುವಾಗ’ ನಡೆಯುತ್ತಿತ್ತು.

ಆ ವಿಚಾರಿಸುವುದೂ ಒಂದು ಕಲೆ. ಯಾರೂ ನೇರವಾಗಿ ಕೇಳುತ್ತಿರಲಿಲ್ಲ. “ಈ ಬೀದೀಲಿ ನಲ್ಲಿ ಎಷ್ಟೊತ್ತಿಗೆ ಬರುತ್ತೆ?” ಎಂದರೆ ಹುಡುಗಿ ಬೆಳಿಗ್ಗೆ ಬೇಗ ಏಳುತ್ತಾಳೋ ಇಲ್ಲವೋ ಎಂದರ್ಥ. “ಅವರ ಮನೆಗೆ ನೆಂಟರು ಜಾಸ್ತಿನಾ?” ಎಂದರೆ ನಾಳೆ ಬೀಗರಾದ ಮೇಲೆ ನಮಗೆ ಹೊಟ್ಟೆತುಂಬ ಹಾಕುತ್ತಾರೋ ಇಲ್ಲವೋ. “ಹುಡುಗಿ ಡಿಗ್ರಿ ಮಾಡಿದಾಳಂತಲ್ಲ?” ಎಂದರೆ ತಲೆ ನೆಟ್ಟಗಿದೆಯೋ, ತಿರುಗಿದೆಯೋ. ಅಮ್ಮ ಇವನ್ನೆಲ್ಲ ಅರೆದು ಕುಡಿದಿದ್ದಳು. ಜನ ಕೇಳುವುದು ಒಂದು, ಅವರಿಗೆ ಬೇಕಾಗಿರುವುದು ಇನ್ನೊಂದು ಎಂಬುದನ್ನು ನಮ್ಮ ಆಫೀಸಿನಲ್ಲಿ ಪರದೆಯ ಮೇಲೆ ಬಾಣದ ಗುರುತು ಹಾಕಿ ಬೆಳಗಿನಿಂದ ಸಂಜೆಯವರೆಗೆ ಕಲಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ನಮ್ಮಮ್ಮನನ್ನು ನೆನೆಸಿಕೊಳ್ಳುತ್ತಿದ್ದೆ.

ಮೂರನೆಯದಾಗಿ ಬಂದದ್ದು ಚಿಂತಾಮಣಿಯ ಸಂಬಂಧ. ಹುಡುಗ ಹೈಸ್ಕೂಲ್ ಮೇಷ್ಟ್ರು, ಜೊತೆಗೆ ಊರಲ್ಲಿ ಜಮೀನು. ಅವರು ನೋಡಿಕೊಂಡು ಹೋದ ಸಂಜೆ ಅಕ್ಕ ಒಗ್ಗರಣೆ ಸೀಯಿಸಿದಳು, ಮತ್ತೆ ಸೀಯಿಸಿದಳು, ಯಾರೂ ಬೈಯದಿದ್ದರೂ ತಾನೇ ನಕ್ಕಳು. ಅವಳು ಈ ಹುಡುಗನನ್ನು ಮೆಚ್ಚಿದ್ದಾಳೆ ಎಂದು ನಮಗೆಲ್ಲ ಗೊತ್ತಾಯಿತು. ಅಮ್ಮ ಸೆರಗು ಸಿಕ್ಕಿಸಿದಳು. “ಇದೊಂದು ತಪ್ಪೋಗಬಾರ್ದು ಕಣೇ, ಇವಳು ತಡೆಯಲ್ಲ” ಎಂದಳು. ಅವರೆಕಾಯಿ ಕಾಲ. ಮನೆಯಲ್ಲಿ ದಿನಾ ಅವರೆಕಾಳು ಹಿತುಕುವ ಕೆಲಸ. ಹಿತುಕಿದ ಬೇಳೆ ಸಾರು ಮೂಲೆ ಅಂಗಡಿಗೆ, ಹಿಟ್ಟಿನ ಮಿಷನ್ನಿನವನಿಗೆ, ಟೈಲರ್ ಷಫಿಯಣ್ಣನಿಗೆ, ಎದುರು ಮನೆಗೆ ಹೋಯಿತು. ಸಾರಿನ ಜೊತೆಗೆ ಒಂದು ಪಾಠವೂ ಹೋಯಿತು. ಯಾರಾದರೂ ವಿಚಾರಿಸಿದರೆ ಹೀಗೆ ಹೇಳಬೇಕು: “ಬಂಗಾರದಂಥ ಹುಡುಗಿ, ಜೋರಾಗಿ ಮಾತಾಡಿದ್ದೇ ಕೇಳಿಲ್ಲ, ತಗ್ಗಿಸಿದ ತಲೆ ಎತ್ತಲ್ಲ.” ಸಾರು ಅಷ್ಟು ರುಚಿಯಾಗಿದ್ದುದರಿಂದ ಎಲ್ಲರೂ ಬಾಯಿಪಾಠ ಮಾಡಿಕೊಂಡರು.

ನಾಗರಾಜಣ್ಣನಂತೂ ಮೈಮರೆತುಬಿಟ್ಟ. ಸಾದಲಿ ಕಡೆಯ ರೈತನೊಬ್ಬ ಗೂಡಿನ ಮಾರ್ಕೆಟ್ಟಿಗೆ ದಾರಿ ಯಾವುದೆಂದು ಕೇಳಲು ನಿಂತು, “ಅಣ್ಣಾ, ಇಲ್ಲಿ...” ಎನ್ನುವಷ್ಟರಲ್ಲೇ, “ಬಂಗಾರದಂಥ ಹುಡುಗಿ!” ಎಂದು ಇವನು ಶುರುಹಚ್ಚಿಕೊಂಡನಂತೆ. ಪಾಪ, ಆತ ಗೂಡಿನ ಚೀಲ ಹೊತ್ತುಕೊಂಡೇ ಪೂರ್ತಿ ಕೇಳಿ, “ಒಳ್ಳೇದಾಗ್ಲಿ” ಎಂದು ಹರಸಿ ಹೋದ.

ಪಾಠ ಹೋಗದೆ ಉಳಿದ ಮನೆ ಒಂದೇ, ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮುನಿಲಕ್ಷ್ಮಮ್ಮನವರ ಮನೆ. ಅವರಿಗೂ ಅಮ್ಮನಿಗೂ ಮಾತಿರಲಿಲ್ಲ. ನಮ್ಮ ನುಗ್ಗೆಮರದ ಕಂಬಳಿಹುಳು ಅವರ ಅಂಗಳಕ್ಕೆ ಉದುರುತ್ತದೆ ಎಂದು ಶುರುವಾದ ಜಗಳ. ಹುಳು ಸಾಕಿ ಅನ್ನ ತಿನ್ನುವ ಊರಿನಲ್ಲಿ ಹುಳುವಿಗಾಗಿ ಇಬ್ಬರು ಹೆಂಗಸರು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಅಲ್ಲಿಗೂ ಒಂದು ಬಟ್ಟಲು ಸಾರು ಕೊಟ್ಟು ಬರುತ್ತೇನೆ ಎಂದೆ. “ಅವಳಿಗಾ? ಪಾತ್ರೇನೂ ವಾಪಸ್ ಬರಲ್ಲ, ಮರ್ಯಾದೇನೂ ವಾಪಸ್ ಬರಲ್ಲ” ಎಂದು ಅಮ್ಮ ಕಡ್ಡಿ ಮುರಿದಂತೆ ಹೇಳಿದಳು.

ಒಂದು ಮಧ್ಯಾಹ್ನ ಅವರು ಬಂದೇಬಿಟ್ಟರು. ಹುಡುಗನ ತಾಯಿ ಮತ್ತು ಸೋದರಮಾವ ವೆಂಕಟರಾಯಪ್ಪ. ನಾವು ಕಿಟಕಿಯ ಪರದೆ ಹಿಂದೆ ನಿಂತೆವು. ಅಂಗಡಿಗೆ ಹೋದರು, ಮಿಷನ್ನಿಗೆ ಹೋದರು, ಷಫಿಯಣ್ಣನ ಹತ್ತಿರ ನಿಂತರು, ಎದುರು ಮನೆಯ ಜಗಲಿಯಲ್ಲಿ ಕೂತೆದ್ದರು. ಅಮ್ಮನ ಮುಖ ಅರಳುತ್ತಾ ಹೋಯಿತು. ಆಮೇಲೆ ಅವರಿಬ್ಬರೂ ಬೀದಿ ಮಧ್ಯೆ ನಿಂತು ಏನೋ ಗುಸುಗುಸು ಮಾತಾಡಿ, ಮುಖ ಗಂಟುಹಾಕಿಕೊಂಡು, ಸೀದಾ ಮುನಿಲಕ್ಷ್ಮಮ್ಮನವರ ಬಾಗಿಲು ತಟ್ಟಿದರು. ಅಮ್ಮ ಕುಸಿದು ಕೂತಳು. “ಮುಗೀತು ಕಣೇ. ಅವಳ ಮನೆಗೇ ಹೋದ್ರು.” ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಡಿಕಾಕ್ಷನ್ ಘಮ ಬಂತು. “ಕಾಫಿ ಬೇರೆ ಮಾಡ್ತಾವ್ಳೆ ನೋಡು! ಅಂದ್ರೆ ಹೇಳಕ್ಕೆ ತುಂಬಾ ಇದೆ ಅಂತ!” ಅಕ್ಕ ಒಳಗೆ ಹೋಗಿ ಒಗೆದಿಟ್ಟ ಬಟ್ಟೆಯನ್ನೇ ಮತ್ತೆ ನೆನೆಹಾಕಿದಳು. ಅವಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಒಳಗೆ ನಡೆದದ್ದನ್ನು ವೆಂಕಟರಾಯಪ್ಪನವರು ಆಮೇಲೆ ಪ್ರತಿ ಮದುವೆಮನೆಯಲ್ಲೂ ಹೇಳಿ ಹೇಳಿ ನಮಗೆಲ್ಲ ಕಂಠಪಾಠವಾಗಿದೆ. “ಬೀದಿಯೋರೆಲ್ಲ ಒಂದೇ ಮಾತು, ಒಂದೇ ರಾಗ. ಗ್ರಾಮಾಫೋನ್ ಹಾಕ್ದಂಗೆ. ಹುಡುಗಿ ಮೂಗೀನಾ ಅಂತ ಅನುಮಾನ ಬಂತು ನಮಗೆ. ವಾಪಸ್ ಹೋಗ್ಬಿಡಣ ಅಂದ್ಕೊಂಡ್ವಿ. ಕೊನೇಗೆ ಒಂದು ಮನೆ ಉಳಿದೈತೆ, ಕೇಳೇಬಿಡಣ ಅಂತ ಹೋದ್ರೆ, ಆಯಮ್ಮ ಏನಂದ್ರು ಗೊತ್ತಾ? ‘ಏಮಮ್ಮಾ, ಆ ಹುಡುಗೀನಾ? ಬಾಯಿ ಅಂದ್ರೆ ಬಾಯಿ! ಅವಳು ನಕ್ಕರೆ ನಮ್ಮ ಎಮ್ಮೆ ಹಾಲು ಬಿಡಲ್ಲ. ಅವಳಮ್ಮನಿಗೂ ನನಗೂ ಮಾತಿಲ್ಲ. ಆದ್ರೂ ನಾನು ಬಚ್ಚಲಲ್ಲಿ ಜಾರಿ ಬಿದ್ದು ಕೂಗ್ಕೊಂಡಾಗ ಗೋಡೆ ಹಾರಿ ಬಂದೋಳು ಅವಳೇ. ಎತ್ತಿ ಕೂರ್ಸಿ, ಕಾಲಿಗೆ ಎಣ್ಣೆ ಹಚ್ಚಿ, ಪಾಚಿ ಉಜ್ಜಕ್ಕಾಗಲ್ವಾ ನಿಮಗೆ ಅಂತ ನನಗೇ ಬೈದು, ಬಚ್ಚಲು ತಾನೇ ಉಜ್ಜಿ ಹೋದ್ಲು. ನಿಮ್ಮ ಮನೇಗೆ ಮೆತ್ತಗಿರೋಳು ಬೇಕಾದ್ರೆ ಬೇರೆ ನೋಡ್ಕೊಳ್ಳಿ, ಮನುಷ್ಯಳು ಬೇಕಾದ್ರೆ ಇವಳನ್ನ ಮಾಡ್ಕೊಳ್ಳಿ.’ ನಮ್ಮಕ್ಕ, ಹುಡುಗನ ತಾಯಿ, ಅಲ್ಲೇ ಒಪ್ಪಿಕೊಂಡುಬಿಟ್ಲು!”

ಅಕ್ಕ ಗೋಡೆ ಹಾರಿದ ವಿಷಯ ಅಮ್ಮನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸುದ್ದಿ ತಿಳಿದ ದಿನ ಅಮ್ಮ ದೊಡ್ಡ ಪಾತ್ರೆ ತುಂಬ ಸಾರು ಹಿಡಿದು ಪಕ್ಕದ ಮನೆಗೆ ಹೋದಳು. ಇಬ್ಬರೂ ಅತ್ತರೋ ಜಗಳವಾಡಿದರೋ ಗೊತ್ತಿಲ್ಲ, ದನಿ ಮಾತ್ರ ಬಹಳ ಹೊತ್ತು ಕೇಳಿತು. ಮದುವೆಯಲ್ಲಿ ಉಗ್ರಾಣದ ಬೀಗದಕೈ ಮುನಿಲಕ್ಷ್ಮಮ್ಮನವರ ಸೊಂಟದಲ್ಲಿತ್ತು. ನುಗ್ಗೆಮರವೂ ಉಳಿಯಿತು.

ನಮ್ಮ ಆಫೀಸಿನಲ್ಲೂ ಹೀಗೆಯೇ. ಎಲ್ಲ ಕಡೆಯಿಂದಲೂ ಒಂದೇ ಹೊಗಳಿಕೆ ಒಂದೇ ಪದದಲ್ಲಿ ಬಂದರೆ ಆ ಹುಡುಕುವ ಯಂತ್ರವೂ ವೆಂಕಟರಾಯಪ್ಪನವರಂತೆ ಹುಬ್ಬು ಗಂಟಿಕ್ಕಿ ನಮ್ಮ ಗಿರಾಕಿಯನ್ನು ಹಿಂದಕ್ಕೆ ತಳ್ಳುತ್ತದೆ. ನಮ್ಮ ಋಣವಿಲ್ಲದವರು, ತಮ್ಮ ಪಾಡಿಗೆ ತಾವು, ಬೈಯುತ್ತಲೇ ಹೇಳಿದ ಒಂದು ಒಳ್ಳೆಯ ಮಾತಿಗೆ ತೂಕ ಹೆಚ್ಚು. ಇದನ್ನು ಅರ್ಥ ಮಾಡಿಕೊಂಡ ಮೇಲೆ ನಮ್ಮ ಕಸುಬಿನವರು ಏನು ಮಾಡುತ್ತಾರೆ ಹೇಳಿ? ಪ್ರಾಮಾಣಿಕರಾಗುತ್ತಾರೆಯೇ? ಅಂಥ ಬೈಗುಳವನ್ನೇ ತಯಾರಿಸಲು ಕೂರುತ್ತಾರೆ. ಅಮ್ಮನೂ ಅದನ್ನೇ ಮಾಡಿದಳು.

ತೊಂಬತ್ತರ ದಶಕದಲ್ಲಿ ನನ್ನ ಸರದಿ ಬಂತು. ಅಷ್ಟರಲ್ಲಿ ಅಮ್ಮನಿಗೆ ಮದುವೆ ಕುದುರುವುದೇ ಪಕ್ಕದ ಮನೆಯ ಜಗಳದಿಂದ ಎಂಬ ನಂಬಿಕೆ ಗಟ್ಟಿಯಾಗಿತ್ತು. ತೊಂದರೆ ಏನೆಂದರೆ ಜಗಳವೇ ಉಳಿದಿರಲಿಲ್ಲ. ಅಮ್ಮ ಗೋಡೆಯ ಹತ್ತಿರ ಹೋಗಿ, “ಅಕ್ಕಾ, ಇವಳ ಮದುವೆ ಆಗೋವರೆಗೂ ನಾವಿಬ್ರೂ ಮಾತು ಬಿಡಣ” ಎಂದಳು. “ಸುಮ್ನಿರಮ್ಮಾ, ನಾಟಕ ಆಡೋ ವಯಸ್ಸಾ ಇದು?” ಎಂದರು ಮುನಿಲಕ್ಷ್ಮಮ್ಮ. ಆಮೇಲೆ ಸ್ವಲ್ಪ ಯೋಚಿಸಿ, “ಪೋನೀಲೇ, ಹೋಗ್ಲಿ ಬಿಡು, ಆದ್ರೆ ನಾನು ಸುಳ್ಳು ಹೇಳಲ್ಲ, ಇದ್ದದ್ದು ಇದ್ದಂಗೇ ಹೇಳ್ತೀನಿ” ಎಂದು ಷರತ್ತು ಹಾಕಿದರು. ಅಲ್ಲಿಂದ ಬೀದಿಬಾಗಿಲಲ್ಲಿ ಇಬ್ಬರೂ ಮುಖ ತಿರುಗಿಸುವುದು, ಹಿತ್ತಿಲಲ್ಲಿ ಕರಿಬೇವು, ಹಪ್ಪಳ, ಸಂಕಟ ಎಲ್ಲ ಗೋಡೆ ದಾಟುವುದು ಶುರುವಾಯಿತು. ಬೀದಿಯವರು ನಿಜವೆಂದೇ ನಂಬಿದರು. ನಾಗರಾಜಣ್ಣ ಪಾಪ, ರಾಜಿ ಮಾಡಿಸಲು ನಾಲ್ಕು ಬಾರಿ ಓಡಾಡಿದ.

ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಹುಡುಗ ತಾನೊಬ್ಬನೇ ಬಂದು ಮುನಿಲಕ್ಷ್ಮಮ್ಮನವರನ್ನು ವಿಚಾರಿಸಿ ಹೋದ. ಒಂದೇ ವಾರದಲ್ಲಿ ಒಪ್ಪಿಗೆ ಬಂತು, ಮದುವೆಯೂ ಆಯಿತು. ನನ್ನ ಬಗ್ಗೆ ಏನು ಹೇಳಿದಿರಿ ಎಂದು ಅವರನ್ನು ಎಷ್ಟು ಕಾಡಿದರೂ, “ದೊಡ್ಡೋರ ಮಾತು ನಿನಗ್ಯಾಕಮ್ಮ” ಎಂದು ನಗುತ್ತಿದ್ದರೇ ಹೊರತು ಬಾಯಿ ಬಿಡಲಿಲ್ಲ. ಈಗ ಅವರೂ ಇಲ್ಲ, ಅಮ್ಮನೂ ಇಲ್ಲ. ನನ್ನ ಗುಣ ಹೇಳಬಲ್ಲ ನೆರೆಹೊರೆ ಈಗ ನನಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು ಕೇಳಿದರೆ ಪಕ್ಕದವರು ಮನೆ ನಂಬರು ಯಾವುದು ಎನ್ನುತ್ತಾರೆ.

ಮೊನ್ನೆ ಮೀಟಿಂಗಿನ ಕಥೆಯನ್ನು ಮನೆಯವರಿಗೆ ಹೇಳಿ, ಇನ್ನಾದರೂ ಹೇಳಿ, ಮುನಿಲಕ್ಷ್ಮಮ್ಮ ಏನಂದರು ಎಂದು ಪಟ್ಟು ಹಿಡಿದೆ. ನನ್ನವರು ಪೇಪರ್ ಮಡಿಸಿಟ್ಟರು.

“ಬೆಳಿಗ್ಗೆ ಏಳಲ್ಲ ಅಂದ್ರು. ಒಲೆ ಮೇಲೆ ಹಾಲಿಟ್ಟು ಪುಸ್ತಕ ಹಿಡ್ಕೊಂಡು ಕೂರ್ತಾಳೆ ಅಂದ್ರು. ಒಂದು ಕೇಳಿದ್ರೆ ಊರಿನ ಕಥೆಯೆಲ್ಲ ಹೇಳ್ತಾಳೆ ಅಂದ್ರು.”

“ಒಳ್ಳೇದೇನೂ ಹೇಳ್ಲಿಲ್ವಾ?”

“ಇಲ್ಲ.”

“ಮತ್ತೆ ಹೆಂಗೆ ಒಪ್ಕೊಂಡ್ರಿ?”

“ಆ ಎರಡು ಮನೆಗೂ ಮಾತಿಲ್ಲ ಅಂತ ಮೂಲೆ ಅಂಗಡಿಯೋನು ಮೊದಲೇ ಹೇಳಿದ್ದ. ದ್ವೇಷಕ್ಕೆ ಹೇಳ್ತಿದಾರೆ ಅಂದ್ಕೊಂಡು ಒಂದನ್ನೂ ನಂಬಲಿಲ್ಲ ಕಣೇ ನಾನು.”