ಅರ್ಧ ಇಂಚು ಕಡಿಮೆಯಾದ ಸಾವಕಾಶಪ್ಪ

ಹೆಂಡತಿ: ಇದು ನಮ್ಮ ಸಾವಕಾಶಪ್ಪ ಅಲ್ವೇ ಅಲ್ಲ ರೀ!

ಗಂಡ: ಅವನಲ್ದೆ ಇನ್ಯಾರು? ಅದೇ ಚಿಪ್ಪು, ಅದೇ ಕೊಂಬು, ಅದೇ ಸೋಮಾರಿತನ.

ಹತ್ತು ದಿನ ಅಕ್ಕನ ಮನೆಯಲ್ಲಿದ್ದು ಆಗಷ್ಟೇ ಬಂದ ಆಕೆ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ನಿಂತಿದ್ದಳು. ಒಳಗೆ ಆಫ್ರಿಕಾದ ದೈತ್ಯ ಬಸವನಹುಳುವೊಂದು ಈ ಜಗಳ ತನ್ನದಲ್ಲವೆಂಬಂತೆ ಸೌತೆಕಾಯಿ ಮೇಯುತ್ತಿತ್ತು. ಗಡಿಯಾರ ರಿಪೇರಿಯ ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಗಡಿಯಾರವೇ ಇಲ್ಲದೆ ಕೆಲಸ ಮಾಡುತ್ತಿದ್ದ. ಆಕೆ ಮೂರು ವರ್ಷ ಮುದ್ದಿನಿಂದ ಸಾಕಿದ ಹುಳು ಆರನೇ ದಿನವೇ ಕೈಬಿಟ್ಟು ಹೋಗಿತ್ತು. ಪೆಟ್ಟಿಗೆಯಲ್ಲಿದ್ದದ್ದು ನಿನ್ನೆ ಸಂಜೆ ಸಾಕುಪ್ರಾಣಿ ಅಂಗಡಿಯಿಂದ ತಂದ ಬದಲಿ. ನಿಜ ಹೇಳಿದರೆ ಅವಳು ಅಳುತ್ತಾಳೆ, ಅವಳ ಅಳು ಇವನ ಕೈಲಿ ನೋಡಲಾಗದು.

ಹೆಂಡತಿ: ನನ್ನ ಕಂಡ್ರೆ ಅವನು ಕೊಂಬು ಚಾಚ್ತಿದ್ದ. ಇವನು ಬೆನ್ನು ತಿರುಗಿಸ್ತಾನೆ.

ಗಂಡ: ಹತ್ತು ದಿನ ಬಿಟ್ಟು ಹೋದ್ರೆ ಮುನಿಸು ಇರಲ್ವಾ? ನಾನೂ ಮುನಿಸ್ಕೊಂಡೇ ಇದೀನಿ.

ಹೆಂಡತಿ: ನೀವು ಮುನಿಸ್ಕೊಂಡ್ರೂ ನಿಮ್ಮ ಹೊಟ್ಟೆ ಇದ್ದಷ್ಟೇ ಇದೆ. ಇವನು ಸಣ್ಣ ಆಗಿದಾನೆ.

ಗಂಡ: ಸುಮ್ನೆ ಅನುಮಾನ ನಿಂದು. ನಾನಂತೂ ಯಾವ ಅಂಗಡಿಗೂ ಹೋಗಿಲ್ಲಪ್ಪ!

ಹೆಂಡತಿ: ಅಂಗಡಿ ಸುದ್ದಿ ಎತ್ತಿದ್ದು ಯಾರು?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಈತ. ಆಕೆ ಚೀಲ ಕೆಳಗಿಟ್ಟಳು. ಹೊಲಿಗೆ ಯಂತ್ರದ ಮೇಲಿದ್ದ ಟೇಪು ತೆಗೆದು ಚಿಪ್ಪಿಗೆ ಹಿಡಿದಳು. ಆಮೇಲೆ ಗಿರಾಕಿಗಳ ಅಳತೆ ಪುಸ್ತಕ ಬಿಡಿಸಿದಳು. ರವಿಕೆ, ಷರಾಯಿಗಳ ನಡುವೆ ಸಾವಕಾಶಪ್ಪನಿಗೂ ಒಂದು ಪುಟವಿತ್ತು.

ಹೆಂಡತಿ: ನಾನು ಹೊರಡೋ ದಿನ ಐದೂಕಾಲು ಇಂಚು. ಇವತ್ತು ನಾಲ್ಕೂಮುಕ್ಕಾಲು.

ಗಂಡ: ನೀರಿಗೆ ಹಾಕಿದ್ರೆ ಬಟ್ಟೆ ಕುಗ್ಗಲ್ವಾ? ಹಾಗೇ.

ಹೆಂಡತಿ: ಚಿಪ್ಪು ಕುಗ್ಗಲ್ಲ. ಇಪ್ಪತ್ತು ವರ್ಷದಿಂದ ಊರವರ ಸೊಂಟ ಅಳೀತಿದೀನಿ. ಜನ ಸುಳ್ಳು ಹೇಳ್ತಾರೆ, ಟೇಪು ಹೇಳಲ್ಲ. ನನ್ನವನು ಎಲ್ಲಿ?

ಗಂಡ ಭೂತಗನ್ನಡಿ ತೆಗೆದಿಟ್ಟ. ಇನ್ನು ಮರೆಮಾಚಿ ಪ್ರಯೋಜನವಿರಲಿಲ್ಲ.

ಗಂಡ: ಹೋಗ್ಬಿಟ್ಟ ಕಣೇ. ಚಿಪ್ಪಿನೊಳಗೆ ಸೇರ್ಕೊಂಡೋನು ಹೊರಗೇ ಬರ್ಲಿಲ್ಲ. ಬಾಯಿಗೆ ಬಿಳೀ ಮುಚ್ಚಳ ಬೇರೆ ಕಟ್ಟಿತ್ತು. ಕಿವಿಗೆ ಹಿಡಿದು ನೋಡ್ದೆ, ಸದ್ದೇ ಇಲ್ಲ.

ಹೆಂಡತಿ: ಕಿವಿಗೆ ಹಿಡಿದ್ರಾ? ಚೆನ್ನಾಗಿದ್ದಾಗ ಟಿಕ್ ಟಿಕ್ ಅಂತಿದ್ನಾ?

ಗಂಡ: ಬೇರೆ ಹೇಗೆ ನೋಡ್ಬೇಕು? ನನಗೆ ಗೊತ್ತಿರೋದು ಅದೊಂದೇ.

ಹೆಂಡತಿ: ದಿನಾ ಎರಡು ಹೊತ್ತು ನೀರು ಚಿಮುಕಿಸಿ ಅಂದಿದ್ದೆನಲ್ಲ?

ಗಂಡ: ಚಿಮುಕಿಸ್ದೆ. ಆಮೇಲೆ ಒರೆಸ್ದೆ.

ಹೆಂಡತಿ: ಒರೆಸಿದ್ರಾ!

ಗಂಡ: ತೇವ ಉಳಿದ್ರೆ ಕೆಡಲ್ವಾ? ಒರೆಸಿ, ಗಾಳಿ ಊದಿ, ಒಂದು ಗಂಟೆ ದೀಪದ ಕೆಳಗೆ ಇಟ್ಟೆ. ಒಂದು ದಿನಾನೂ ತಪ್ಪಿಸಿಲ್ಲ ನಾನು.

ಆಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೆಂಡತಿ: ಎಲ್ಲಿ ಹೂಳಿದ್ರಿ?

ಗಂಡ: ಹೂಳೋಕೆ ಮನಸ್ಸು ಬರ್ಲಿಲ್ಲ.

ಅವನು ಮೇಜಿನ ಕೆಳಗಿನ ಡ್ರಾಯರು ಎಳೆದ. ನಿಂತುಹೋದ ಗಡಿಯಾರಗಳ ನಡುವೆ, ಹತ್ತಿಯಲ್ಲಿ ಸುತ್ತಿದ ಸಾವಕಾಶಪ್ಪ ಮಲಗಿದ್ದ. ರಿಪೇರಿಗೆ ಬಂದ ಗಡಿಯಾರಗಳಿಗೆ ಕಟ್ಟುವಂತೆ ದಾರದಲ್ಲಿ ಒಂದು ಚೀಟಿಯೂ ಕಟ್ಟಿತ್ತು: ‘ಗಿರಾಕಿ: ನನ್ನ ಹೆಂಡತಿ. ದೋಷ: ಗೊತ್ತಾಗಿಲ್ಲ. ಬಿಸಾಡಬಾರದು.’

ಚೀಟಿ ಓದಿ ಆಕೆಯ ಕಣ್ಣು ತುಂಬಿತು. ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ತಂದು, ಚಿಪ್ಪನ್ನು ಅದರಲ್ಲಿಟ್ಟು, ಬೆರಳಿನಿಂದ ಮೆಲ್ಲಗೆ ನೀರು ಹನಿಸುತ್ತ ಕೂತಳು.

ಗಂಡ: ಬೇಡ ಕಣೇ, ಇನ್ನೂ ಹಾಳಾಗುತ್ತೆ.

ಹೆಂಡತಿ: ಬಾಯಿ ಮುಚ್ಕೊಂಡು ನೋಡಿ.

ಹದಿನೈದು ನಿಮಿಷಕ್ಕೆ ಬಿಳೀ ಮುಚ್ಚಳ ಮೆತ್ತಗಾಗಿ ಕಳಚಿತು. ಒಂದು ಕೊಂಬು ಹೊರಗೆ ಇಣುಕಿತು. ಯೋಚಿಸಿ, ಇನ್ನೊಂದು. ಗಂಡನಿಗೆ ಹೋದ ಜೀವ ಬಂದಂತಾಯಿತು.

ಗಂಡ: ಬದುಕಿದಾನೆ!

ಹೆಂಡತಿ: ಸತ್ತಿದ್ರೆ ತಾನೆ? ಒಣಗಿದ್ರೆ ಹೀಗೇ ಬಾಗಿಲು ಹಾಕ್ಕೊಂಡು ಮಲಗ್ತಾರೆ ಇವರು. ನೀವು ಮಾಡಿದ ಉಪಚಾರಕ್ಕೆ ನಾನಾಗಿದ್ರೂ ಬಾಗಿಲು ಹಾಕ್ಕೋತಿದ್ದೆ.

ಗಂಡ: ಒಳ್ಳೇದೇ ಆಯ್ತು ಬಿಡು, ಅವನಿಗೂ ಒಬ್ಬ ಜೊತೆಗಾರ ಸಿಕ್ಕ. ಎರಡೂ ಗಂಡೇ, ತಾಪತ್ರಯ ಇಲ್ಲ.

ಹೆಂಡತಿ: ಗಂಡು ಅಂತ ಯಾರು ಹೇಳಿದ್ರು? ಇವರಲ್ಲಿ ಒಬ್ಬೊಬ್ಬರೂ ಗಂಡೂ ಹೌದು, ಹೆಣ್ಣೂ ಹೌದು. ಜೊತೆಗೆ ಬಿಟ್ರೆ ಇಬ್ಬರೂ ಮೊಟ್ಟೆ ಇಡ್ತಾರೆ. ಒಂದು ಸಲಕ್ಕೆ ಏನಿಲ್ಲ ಅಂದ್ರೂ ಇನ್ನೂರು.

ಗಂಡ ಒಂದೇ ನೆಗೆತಕ್ಕೆ ಹೋಗಿ ಗಾಜಿನ ಪೆಟ್ಟಿಗೆಯ ಮುಚ್ಚಳ ಭದ್ರಪಡಿಸಿ, ಸಾವಕಾಶಪ್ಪನ ಬಟ್ಟಲನ್ನು ಕೋಣೆಯ ಆ ಮೂಲೆಗೆ ಒಯ್ದಿಟ್ಟ. ಇಪ್ಪತ್ತು ವರ್ಷದಲ್ಲಿ ಅವನು ಇಷ್ಟು ಚುರುಕಾಗಿದ್ದನ್ನು ಆಕೆ ನೋಡಿರಲಿಲ್ಲ.

ಹೆಂಡತಿ: ಒಂದು ಮಾತು ನೆನಪಿಟ್ಕೊಳ್ಳಿ. ನಾನು ಯಾವತ್ತಾದ್ರೂ ಹೀಗೆ ಅಲುಗಾಡದೆ ಮಲಗಿದ್ರೆ ಮೊದಲು ಮುಖಕ್ಕೆ ನೀರು ಚಿಮುಕಿಸಿ ನೋಡಿ. ಬದಲಿ ತರೋಕೆ ಅಂಗಡಿಗೆ ಓಡ್ಬೇಡಿ.

ಗಂಡ: ಓಡಿದ್ರೂ ಏನು ಬಂತು? ನಿನ್ನ ಅಳತೆದು ಎಲ್ಲಿ ಸಿಗುತ್ತೆ ಕಣೇ!

ಹೆಂಡತಿ: ಅಬ್ಬಾ, ಮಾತು ನೋಡು!

ಎನ್ನುತ್ತ ಆಕೆ ಆ ಚೀಟಿಯನ್ನು ಮಡಚಿ, ಅಳತೆ ಪುಸ್ತಕದಲ್ಲಿ ಗಂಡನ ಪುಟಕ್ಕೆ ಗುಂಡುಸೂಜಿಯಿಂದ ಸಿಕ್ಕಿಸಿದಳು. ಹೊಟ್ಟೆಯ ಅಳತೆಯ ಕೆಳಗೆ ಆ ಒಂದು ಸಾಲೂ ಇರಲಿ ಎಂದು: ‘ಬಿಸಾಡಬಾರದು.’